ಬ್ರೇಕು ಹಿಡಿದದ್ದೂ ನನ್ನ ತಪ್ಪೇ?

ಕಾರಿಗೆ ಎರಡು ಬ್ರೇಕುಗಳಿರುತ್ತವೆ ಎಂದು ಎಂಟು ವರ್ಷದವರೆಗೂ ನಾನು ನಂಬಿದ್ದೆ. ಒಂದು ಅಪ್ಪನ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ಅಮ್ಮನ ಕಾಲಡಿ. ಅಪ್ಪ ಜೋರಾಗಿ ನುಗ್ಗಿದಾಗಲೆಲ್ಲ ಅಮ್ಮ ಹಲ್ಲು ಕಚ್ಚಿ ನೆಲ ತುಳಿಯುತ್ತಿದ್ದಳು, ಕಾರು ನಿಲ್ಲುತ್ತಿತ್ತು. ನಿಲ್ಲಿಸಿದ ಕೀರ್ತಿಯನ್ನೆಲ್ಲ ನಾನು ಅಮ್ಮನಿಗೇ ಕೊಟ್ಟಿದ್ದೆ!

ನನ್ನ ಹೆಂಡತಿ ಮಾರ್ಲಾ ಮಾತ್ರ ನನ್ನ ಪಕ್ಕ ಕೂತು ನೆಲ ತುಳಿದವಳಲ್ಲ. ಅವಳು ನನ್ನ ಟ್ರಕ್ ಹತ್ತಿದರೆ ತಾನೆ? ಅದು ನನ್ನ ಕೈಗೆ ಬಂದು ಎರಡು ವರ್ಷವಾಯಿತು! ತಾತ ಬಿಟ್ಟುಹೋದ ಹಳೇ ಪಿಕಪ್ ಅದು. ನಮ್ಮ ಗೇಟಿನ ಮುಂದೆ ನಿಲ್ಲಬೇಕಾದರೆ ಪಕ್ಕದವರ ಜೋಳದ ಹೊಲದಿಂದಲೇ ಎರಡೂ ಕಾಲೂರಿ, ಸೀಟಿನಿಂದೆದ್ದು ಬ್ರೇಕಿನ ಮೇಲೆ ನಿಲ್ಲಬೇಕು.

“ಇದು ಬ್ರೇಕಲ್ಲ ಕಣೋ, ವ್ಯಾಯಾಮ. ನಾನು ನಮ್ಮಮ್ಮನ ಕಾರಲ್ಲಿ ಬರ್ತೀನಿ,” ಎನ್ನುತ್ತಿದ್ದಳು. ಇಡೀ ನೆಬ್ರಾಸ್ಕಾದಲ್ಲಿ ಚರ್ಚಿಗೆ ಹೆಂಡತಿಯ ಹಿಂದೆ ಬೇರೆ ಗಾಡಿಯಲ್ಲಿ ಹೋಗುವ ಗಂಡ ನಾನೊಬ್ಬನೇ!

ಪ್ರತಿಜ್ಞೆ ಮಾಡಿಬಿಟ್ಟೆ. “ಸ್ಟೀರಿಂಗ್ ಹಗುರ ಮಾಡೋ ಪಂಪ್ ಇದೆಯಲ್ಲ, ಅದರ ಎಣ್ಣೆ ಒತ್ತಡಾನೇ ಬ್ರೇಕಿಗೂ ತಿರುಗಿಸ್ತೀನಿ. ಹೈಡ್ರಾಲಿಕ್ ಬೂಸ್ಟರ್! ಕಾಲು ತಾಗಿಸಿದ್ರೆ ಸಾಕು, ನಿಲ್ಲುತ್ತೆ. ಜಿಲ್ಲಾ ಮೇಳಕ್ಕೆ ನೀನು, ನಿಮ್ಮಮ್ಮ, ಅವರ ಪೀಚ್ ಪೈ, ಎಲ್ಲಾ ನನ್ನ ಟ್ರಕ್ಕಲ್ಲೇ!”

“ನೀನೇ ಜೋಡಿಸ್ತೀಯಾ?”

“ಒಂದು ಮಧ್ಯಾಹ್ನದ ಕೆಲಸ ಕಣೇ! ವಿಡಿಯೋದಲ್ಲಿ ತೋರಿಸಿದಾನೆ.”

ಆ ವಿಡಿಯೋದವನು ಎದುರಿಗೆ ಸಿಕ್ಕಲಿ! ಅವನ ಒಂದು ಮಧ್ಯಾಹ್ನ ನನ್ನ ಮೂರು ಶನಿವಾರಗಳನ್ನು ನುಂಗಿತು. ಎಂಜಿನ್ ಶುರುಮಾಡಿದ ಮೊದಲ ಸಲ, ನಾನು ಕೈಯಲ್ಲಷ್ಟೇ ಬಿಗಿದಿದ್ದ ಒಂದು ನಟ್ಟು ಸಡಿಲಿ, ಪೈಪಿನಿಂದ ಚಿಮ್ಮಿದ ಎಣ್ಣೆ ಗ್ಯಾರೇಜಿನ ಬಾಗಿಲು ದಾಟಿ ಹೊರಗೆ ಒಣಗಲು ಹಾಕಿದ್ದ ಮಾರ್ಲಾಳ ಬಿಳಿ ಸಮವಸ್ತ್ರಗಳಿಗೆ ಅಭಿಷೇಕ ಮಾಡಿತು.

“ಹಲ್ಲಿನ ಡಾಕ್ಟರ ಹತ್ತಿರ ಕೆಲಸ ನಂದು, ಎಣ್ಣೆ ಬಾವಿ ತೋಡೋದಲ್ಲ!” ಎಂದು ಕೂಗಿದಳು.

ಕೊನೆಗೂ ಎಲ್ಲ ಬಿಗಿದೆ. ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಬಿಟ್ಟು, ಪೆಡಲಿಗೆ ಕಾಲ್ಬೆರಳು ತಾಗಿಸಿದೆ. ಕುರಿಮರಿಯಂತೆ ನಿಂತಿತು! ಶಹಭಾಸ್ ಎನ್ನಲು ಒಬ್ಬರಾದರೂ ಹೊರಗೆ ಬಂದರೆ? ಇಲ್ಲ!

ಮೇಳದ ಬೆಳಿಗ್ಗೆ ನನ್ನ ಅತ್ತೆ ಆರ್ಡಿತ್ ಬಂದರು. ಮೂವತ್ತು ವರ್ಷ ಶಾಲಾ ಬಸ್ ಓಡಿಸಿ ನಿವೃತ್ತರಾದ ಹೆಂಗಸು. ನಾಲ್ಕು ವರ್ಷದಿಂದ ಮೇಳದ ಪೈ ಸ್ಪರ್ಧೆಯಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್ ಅವರದೇ. ಹಣ್ಣು ತುಂಬಿ ಬೇಯಿಸಿದ ಪೈ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನಡುವೆ ಕೂತರು. ಕಿಟಕಿ ಪಕ್ಕ ಮಾರ್ಲಾ. ನನ್ನ ಮಾರ್ಲಾ, ನನ್ನ ಟ್ರಕ್ಕಿನಲ್ಲಿ! ಎದೆಯುಬ್ಬಿಸಿ ಹೊರಟೆ.

ಹೆದ್ದಾರಿಯ ಅಂಚಿನಲ್ಲಿ ಸ್ಟಾಪ್ ಫಲಕ ಕಂಡಿತು. ಟ್ರಕ್ಕಿಗೆ ಹೊಸ ಬ್ರೇಕು ಬಂದಿತ್ತು, ನಿಜ. ನನ್ನ ಕಾಲುಗಳಿಗೆ ಆ ಸುದ್ದಿ ಯಾರು ಹೇಳಿದ್ದರು? ಎರಡು ವರ್ಷದ ಅಭ್ಯಾಸದಂತೆ ಬೆಲ್ಟು ಜಗ್ಗುವಷ್ಟು ಸೀಟಿನಿಂದೆದ್ದು, ಎರಡೂ ಕಾಲಲ್ಲಿ ತುಳಿದೆ!

ಟ್ರಕ್ ನೆಟ್ಟ ಕಂಬದಂತೆ ನಿಂತಿತು. ನಮ್ಮ ಮೂವರಿಗೂ ಬೆಲ್ಟಿತ್ತು. ಪೈಗಿರಲಿಲ್ಲ.

ಮುಂದಿನ ಗಾಜಿನ ಮೇಲಿಂದ ಪೀಚ್ ಹಣ್ಣು ನಿಧಾನವಾಗಿ ಜಾರುತ್ತಿತ್ತು. ಮಾರ್ಲಾ ನನ್ನತ್ತ ತಿರುಗಿ ಕೆಕ್ಕರಿಸಿದಳು.

“ನಿಂತಿತಾ ಇಲ್ವಾ? ಅದನ್ನ ಹೇಳಿ ಮೊದಲು!” ಎಂದು ನಾನೇ ರೇಗಿದೆ. ನಿಲ್ಲದಿದ್ದರೆ ಎರಡು ವರ್ಷ ಬೈಗುಳ, ನಿಂತರೂ ಬೈಗುಳವೇ?

ಆರ್ಡಿತ್ ಗಾಜಿನ ಮೇಲಿನದನ್ನು ಬೆರಳಲ್ಲಿ ತೆಗೆದು ನೆಕ್ಕಿದರು. “ದಾಲ್ಚಿನ್ನಿ ಕಮ್ಮಿಯಾಗಿದೆ. ಹೇಗೂ ಗೆಲ್ತಿರಲಿಲ್ಲ ಬಿಡು. ಬ್ರೇಕು ಚೆನ್ನಾಗಿ ಕೂರಿಸಿದೀಯಪ್ಪ. ಈಗ ಇಳಿ.”

ಇಳಿದೆ. ಸ್ಟೀರಿಂಗ್ ಅವರ ಕೈಗೆ ಹೋಯಿತು, ಕಿಟಕಿ ಪಕ್ಕದ ಜಾಗ ನನಗೆ ಬಂತು, ತೊಡೆಯ ಮೇಲೆ ಖಾಲಿ ತಟ್ಟೆ. ಬಸ್ಸಿನ ಗತ್ತಿನಲ್ಲಿ ಅವರು ತಿರುವಿಗೆ ನುಗ್ಗಿದಾಗ ಕೆಳಗೆ ನೋಡಿದರೆ, ನನ್ನ ಬಲಗಾಲು ಅಮ್ಮನ ಹಾಗೆಯೇ ಖಾಲಿ ನೆಲವನ್ನು ತುಳಿಯುತ್ತಿದೆ!

ನಡುವಿಗೆ ಸರಿದಿದ್ದ ಮಾರ್ಲಾಳನ್ನು ಮೆಲ್ಲಗೆ ಕೇಳಿದೆ: “ಇನ್ಮೇಲೆ ನನ್ನ ಟ್ರಕ್ಕಲ್ಲಿ ಕೂರ್ತೀಯಾ ತಾನೆ?”

“ಕೂರ್ತೀನಿ,” ಎಂದಳು. “ಅಮ್ಮ ಓಡಿಸಿದ್ರೆ.”