ಹನ್ನೊಂದು ಜೋಗುಳಗಳ ಅಧಿಕೃತ ಮುದ್ರಣ

ಸಾರ್ವಜನಿಕ ಧ್ವನಿಮುದ್ರಣ ಕೇಂದ್ರ ಆರಂಭವಾದ ಹದಿನಾಲ್ಕು ವರ್ಷಗಳಲ್ಲಿ ಅಲ್ಲಿನ ಯಂತ್ರಗಳು ಒಮ್ಮೆಯೂ ಕೆಟ್ಟಿಲ್ಲ ಎಂಬುದು ದಾಖಲೆಗಳಿಂದ ಸಾಬೀತಾಗಿದೆ. ಅವನ್ನು ಬಳಸಿದ್ದಕ್ಕೆ ದಾಖಲೆ ಇಲ್ಲದಿರುವುದು ಬೇರೆ ವಿಭಾಗಕ್ಕೆ ಸಂಬಂಧಿಸಿದ ವಿಷಯ.

ತಿಂಗಳ ಎಂಟನೇ ತಾರೀಕು ಈ ಕೇಂದ್ರದ ಅರ್ಜಿ ಕಿಟಕಿಯ ಮುಂದೆ ಹೊಲಿಗೆ ಟೀಚರ್ ಒಬ್ಬರು ಬಂದು ನಿಂತರು. ಅವರ ತಾಯಿ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ಆಯಾ ಆಗಿದ್ದವರು. ಅಳುವ ಕೂಸುಗಳಿಗೆಂದು ತಾವೇ ಕಟ್ಟಿದ ಹನ್ನೊಂದು ಜೋಗುಳ ಅವರ ಬಾಯಲ್ಲಿದ್ದವು. ಊರಿನ ಅರ್ಧ ಜನ ಅವನ್ನು ಕೇಳಿಯೇ ಮೊದಲ ನಿದ್ದೆ ಮಾಡಿದವರು. ಈಗ ಆ ತಾಯಿಯ ಗಂಟಲಲ್ಲಿ ಗಂಟು. ಇಪ್ಪತ್ತೆಂಟಕ್ಕೆ ಆಪರೇಷನ್. ಆಮೇಲೆ ಮಾತು ಉಳಿದೀತು, ಹಾಡು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

"ಇಪ್ಪತ್ತೆಂಟರ ಒಳಗೆ ಒಂದು ದಿನ ಬೇಕಿತ್ತು ಸಾರ್. ನಮ್ಮಮ್ಮ ಹಾಡ್ತಾರೆ," ಎಂದರು ಟೀಚರ್.

"ಗಂಟಲು ಸರಿಯಿದೆ ಅಂತ ಡಾಕ್ಟರ ಸರ್ಟಿಫಿಕೇಟ್ ತನ್ನಿ," ಎಂದರು ಕಿಟಕಿಯ ಗುಮಾಸ್ತರು.

"ಸರಿಯಿಲ್ಲ ಅಂತಾನೇ ಸಾರ್ ಅವಸರ."

ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು. "ನೋಡಿಮ್ಮ, ಗಂಟಲು ಸರಿಯಿದ್ರೆ ಅವಸರ ಇಲ್ಲ. ಮಾಮೂಲಿ ಸರದಿ, ಹದಿನಾಲ್ಕು ತಿಂಗಳು. ಸರಿಯಿಲ್ಲ ಅಂದ್ರೆ ಹಾಡೋಕಾಗಲ್ಲ, ಅರ್ಜಿನೇ ತಗೊಳ್ಳಲ್ಲ. ಎರಡರಲ್ಲಿ ಯಾವುದು ಅಂತ ಮನೇಲಿ ಕೂತು ತೀರ್ಮಾನ ಮಾಡಿ."

"ಸರದಿಯಲ್ಲಿ ಎಷ್ಟು ಜನ ಇದ್ದಾರೆ?"

"ಸದ್ಯಕ್ಕೆ ಯಾರೂ ಇಲ್ಲ. ಆದ್ರೆ ಸರದಿ ಇದೆ."

ಟೀಚರ್ ನಾಲ್ಕು ದಿನ ಅಲೆದರು. ಐದನೆಯ ದಿನ ಕೇಂದ್ರದ ನಿರ್ದೇಶಕರೇ ಒಳಗೆ ಕರೆಸಿಕೊಂಡರು. 'ಅಳಿವಿನಂಚಿನ ಧ್ವನಿಗಳ ಸಂರಕ್ಷಣಾ ಯೋಜನೆ'ಗೆ ಆ ವರ್ಷ ಬೋರ್ಡು, ಮೊಹರು, ಮೇಜು ಎಲ್ಲ ಬಂದಿದ್ದವು. ಧ್ವನಿಯೊಂದೇ ಸಿಕ್ಕಿರಲಿಲ್ಲ.

"ನಿಮ್ಮ ತಾಯಿಯವರ ಗಂಟಲು ನಮಗೆ ತುಂಬಾ ಅನುಕೂಲವಾಗಿದೆ," ಎಂದರು ನಿರ್ದೇಶಕರು. "ಇಪ್ಪತ್ತಾರಕ್ಕೆ ಬುಕ್ ಮಾಡಿಕೊಡ್ತೀನಿ. ಒಂದೇ ಒಂದು ಷರತ್ತು. ಈ ಹಾಡುಗಳು ಬೇರೆಲ್ಲೂ ಮುದ್ರಣ ಆಗಿರಬಾರದು."

ಟೀಚರ್ ಸುಳ್ಳು ಹೇಳಿ ರೂಢಿಯಿಲ್ಲದವರು. "ಫೋನಲ್ಲಿ ಐದು ಹಾಡು ಇದೆ ಸಾರ್. ಹೊಲಿಗೆ ಮಿಷನ್ ಸದ್ದೂ ಸೇರ್ಕೊಂಡಿದೆ. ಅದಕ್ಕೇ ಇಲ್ಲಿಗೆ ಬಂದೆ."

"ಅಳಿಸಿಬಿಡಿ. ಅದು ಇರೋ ತನಕ ಧ್ವನಿ ಅಳಿವಿನಂಚಲ್ಲಿದೆ ಅಂತ ನಾನು ಯಾವ ಬಾಯಲ್ಲಿ ಬರೀಲಿ?"

ಟೀಚರ ಹೆಬ್ಬೆರಳು ಸ್ವಲ್ಪ ಹೊತ್ತು ಫೋನಿನ ಮೇಲೆಯೇ ನಿಂತಿತು. ಗಾಜಿನಾಚೆ ಮುದ್ರಣದ ಕೋಣೆ ಕಾಣುತ್ತಿತ್ತು. ಗೋಡೆಗೆಲ್ಲ ಮೆತ್ತೆ ಹೊದಿಸಿತ್ತು, ಮೈಕಿಗೆ ಇನ್ನೂ ಪ್ಲಾಸ್ಟಿಕ್ಕು ಸುತ್ತಿಯೇ ಇತ್ತು. ಇಷ್ಟು ಒಳ್ಳೆಯ ಕೋಣೆಯಲ್ಲಿ ಅಮ್ಮ ಹಾಡಿದರೆ ಹೇಗಿದ್ದೀತು ಅನ್ನಿಸಿತು. ಅಳಿಸಿದರು. ಗುಮಾಸ್ತರು ಫೋನನ್ನು ಇಸಿದುಕೊಂಡು ಪರೀಕ್ಷಿಸಿ ಅರ್ಜಿಗೆ ಮೊಹರು ಒತ್ತಿದರು.

"ಈಗ ಧ್ವನಿ ನಿಜವಾಗ್ಲೂ ಅಪಾಯದಲ್ಲಿದೆ," ಎಂದರು ನಿರ್ದೇಶಕರು. "ಅಭಿನಂದನೆಗಳು."

ಮರುದಿನವೇ ಬಾಗಿಲಿಗೆ ಪ್ರಕಟಣೆ ಅಂಟಿತು: 'ಮುಖ್ಯ ಗಾಯಕಿಯ ಕಂಠವು ದುರ್ಬಲವಾಗಿರುವ ಕಾರಣ ಪೂರಕ ಕಲಾವಿದರನ್ನು ನೇಮಿಸತಕ್ಕದ್ದು. ಪೂರಕ ಕಲಾವಿದರು ಸಿಬ್ಬಂದಿಗೆ ಖುದ್ದಾಗಿ ಪರಿಚಿತರಾಗಿರತಕ್ಕದ್ದು. ಸಂಗೀತದ ಪರಿಚಯ ಅಪೇಕ್ಷಣೀಯ, ಕಡ್ಡಾಯವಲ್ಲ.'

ಈ ಪ್ರಕಾರ ನಿರ್ದೇಶಕರ ಪತ್ನಿ, ಅವರ ಇಬ್ಬರು ನಾದಿನಿಯರು, ಗುಮಾಸ್ತರ ಮೂವರು ಹೆಣ್ಣುಮಕ್ಕಳು, ಹೊಸದಾಗಿ ಕೊಳಲು ಕೊಂಡಿದ್ದ ಅವರ ಭಾವಮೈದುನ, ಮತ್ತಿಬ್ಬರು ನೆಂಟರು, ಹೀಗೆ ಒಂಬತ್ತು ಮಂದಿ ಆಯ್ಕೆಯಾದರು. ಅವರಿಗೆ ಹಾಡು ಕಲಿಸುವ ಹೊಣೆ ಆ ತಾಯಿಯದೇ. ಹತ್ತು ದಿನ ಬಿಸಿನೀರು ಗುಟುಕರಿಸುತ್ತ ಬೆಳಗ್ಗೆಯಿಂದ ಸಂಜೆವರೆಗೆ ಹಾಡಿ ತೋರಿಸಿದರು. ದಿನದಿಂದ ದಿನಕ್ಕೆ ದನಿ ಸವೆಯುತ್ತ ಬಂತು.

"ಅಲ್ಲಮ್ಮ, 'ಒದ್ದೆ ಬಟ್ಟೆ' ಅಂತ ಬರುತ್ತಲ್ಲ, ಅದು ಸಭ್ಯವಾಗಿಲ್ಲ," ಎಂದರು ನಿರ್ದೇಶಕರ ಪತ್ನಿ. "'ರೇಷ್ಮೆ ವಸ್ತ್ರ' ಅಂತ ಮಾಡೋಣ."

"ಕೂಸು ಒದ್ದೆ ಮಾಡ್ಕೊಳ್ಳುತ್ತಲ್ಲ ತಾಯಿ," ಎಂದರು ಆಯಾ ಮೆಲ್ಲಗೆ.

"ಮತ್ತೆ ತುಂಬಾ ನಿಧಾನ. ಕೇಳೋರಿಗೆ ನಿದ್ದೆ ಬರೋ ಹಾಗಿದೆ."

ಆ ದೋಷವನ್ನೂ ಸರಿಪಡಿಸಲಾಯಿತು.

ಇಪ್ಪತ್ತಾರರ ಬೆಳಗ್ಗೆ ತಾಯಿ ಮಗಳು ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಮುದ್ರಣದ ಕೋಣೆಯಲ್ಲಿ ಒಂಬತ್ತು ಜನರಿಗಷ್ಟೇ ಅನುಮತಿ ಎಂದು ಬಾಗಿಲ ಮೇಲೆಯೇ ಬರೆದಿತ್ತು. ಒಂಬತ್ತು ಜನ ಆಗಲೇ ಕೂತಾಗಿತ್ತು.

"ಹಾಡಬೇಕಾದವರೇ ಹೊರಗಿದ್ದಾರಲ್ಲ ಸಾರ್," ಎಂದರು ಟೀಚರ್.

"ಅವರ ಹಾಡು ಒಳಗಿದೆಯಲ್ಲಮ್ಮ," ಎಂದರು ನಿರ್ದೇಶಕರು. "ನಿಯಮ ಮೀರಿದ್ರೆ ಬುಕಿಂಗೇ ರದ್ದಾಗುತ್ತೆ. ಆಮೇಲೆ ನಿಮ್ಮ ತಾಯಿ ಹೆಸರಲ್ಲಿ ಏನೂ ಉಳಿಯಲ್ಲ."

ಟೀಚರ್ ತಾಯಿಯನ್ನು ಬಾಗಿಲಿನಿಂದ ಈಚೆಗೆ ಕರೆತಂದರು. ತಾಯಿ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ವಾಚ್‌ಮನ್ ಒಂದು ಕಾಗದ ತಂದು ಮುಂದಿಟ್ಟ: 'ಮುದ್ರಣ ಮುಗಿಯುವವರೆಗೆ ನಾನು ಹಾಡುವುದಾಗಲಿ, ಗುನುಗುವುದಾಗಲಿ, ಕೆಮ್ಮುವುದಾಗಲಿ ಮಾಡುವುದಿಲ್ಲ.'

"ಸೈನ್ ಹಾಕಿಮ್ಮ, ಬೇಜಾರು ಮಾಡ್ಕೋಬೇಡಿ," ಎಂದ ಅವನು. "ನಾನೂ ನಿಮ್ಮ ಆಸ್ಪತ್ರೇಲೇ ಹುಟ್ಟಿದ್ದು."

"ಯಾವ ವಾರ್ಡಪ್ಪ?"

"ಅದು ಗೊತ್ತಿಲ್ಲಮ್ಮ. ಈಗ ಮಾತಾಡಬೇಡಿ, ದೀಪ ಹತ್ತಿದೆ."

ತಾಯಿ ಸಹಿ ಹಾಕಿದರು. ಮುದ್ರಣ ನಡೆದ ಮೂರು ಗಂಟೆ ಮಗಳ ಕೈ ಹಿಡಿದುಕೊಂಡು, ಕೆಮ್ಮು ಬಂದಾಗಲೆಲ್ಲ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರು.

ಇಪ್ಪತ್ತೆಂಟಕ್ಕೆ ಆಪರೇಷನ್ ಚೆನ್ನಾಗಿಯೇ ಆಯಿತು. ತಾಯಿಗೆ ಪಿಸುಮಾತು ಉಳಿಯಿತು.

ಧ್ವನಿಮುದ್ರಿಕೆ ಬಿಡುಗಡೆಯಾಯಿತು. ಮೊದಲ ಹನ್ನೆರಡು ನಿಮಿಷ ನಿರ್ದೇಶಕರ ಸ್ವಾಗತ ಭಾಷಣ, ಆಮೇಲೆ ಜೋಗುಳಗಳು. ಅದರ ಪೆಟ್ಟಿಗೆಯ ಹಿಂಬದಿಯಲ್ಲಿ 'ಸಹಕಾರ' ಎಂಬ ಪಟ್ಟಿಯಲ್ಲಿ, ಕುರ್ಚಿ ಒದಗಿಸಿದವರ ಹೆಸರಿನ ಕೆಳಗೆ, ತಾಯಿಯ ಹೆಸರಿತ್ತು. ಈ ಧ್ವನಿಮುದ್ರಿಕೆಯನ್ನು ದಿನಕ್ಕೆ ನಾಲ್ಕು ಸಲ ಹೆರಿಗೆ ಆಸ್ಪತ್ರೆಯ ವಾರ್ಡುಗಳಲ್ಲಿ ಹಾಕಬೇಕೆಂದು ಆದೇಶವಾಯಿತು. ಮಲಗಿದ್ದ ಕೂಸುಗಳು ಎದ್ದು ಅಳತೊಡಗಿದವು. ಕೂಸುಗಳು ಉತ್ತಮವಾಗಿ ಸ್ಪಂದಿಸುತ್ತಿವೆ ಎಂದು ಆಸ್ಪತ್ರೆ ವರದಿ ಕಳಿಸಿತು.

ಎರಡು ತಿಂಗಳ ಮೇಲೆ ತಾಯಿಯನ್ನು ಗಂಟಲು ತೋರಿಸಲು ಕರೆತಂದ ಟೀಚರ್, ಅವರು ಕೇಳಿದರೆಂದು ಹೆರಿಗೆ ಆಸ್ಪತ್ರೆಯ ಹಳೆಯ ವಾರ್ಡಿಗೂ ಕರೆದೊಯ್ದರು. ಒಂದು ಕೂಸು ಕಿರುಚಿ ಅಳುತ್ತಿತ್ತು. ತಾಯಿ ರೂಢಿಯಂತೆ ತೊಟ್ಟಿಲ ಮೇಲೆ ಬಾಗಿ, ಉಳಿದಿದ್ದ ಪಿಸುದನಿಯಲ್ಲಿ 'ಒದ್ದೆ ಬಟ್ಟೆ'ಯ ಸಾಲು ಹೇಳಿದರು. ಕೂಸು ಅಳು ನಿಲ್ಲಿಸಿ ಅವರ ಬಾಯನ್ನೇ ನೋಡಿತು.

ಓಡಿ ಬಂದ ಹೊಸ ನರ್ಸ್ ಗೌರವದಿಂದಲೇ ಹೇಳಿದಳು: "ಅಜ್ಜಿ, ಅದು ಹಾಗಲ್ಲ. ಅಸಲಿ ಹಾಡು ಬೇರೆ ಇದೆ. ಸ್ವಲ್ಪ ಇರಿ, ಭಾಷಣ ದಾಟಿಸಿ ಹಾಕ್ತೀನಿ."

ಗೋಡೆಯ ಮೇಲಿನ ಸ್ಪೀಕರ್ ಡಬ್ಬಿಯಿಂದ ಕೊಳಲು ಕೂಗಿತು. ಕೂಸು ಮತ್ತೆ ಅಳತೊಡಗಿತು. ತಾಯಿ ಕಿವಿಯ ಹಿಂದೆ ಕೈ ಇಟ್ಟು ಕೊನೆಯವರೆಗೂ ಗಮನವಿಟ್ಟು ಕೇಳಿದರು. ಆಮೇಲೆ ಮಗಳ ಕಡೆ ತಿರುಗಿದರು.

"ಬರ್ಕೊಳ್ಳೇ," ಎಂದು ಪಿಸುಗುಟ್ಟಿದರು. "ಇನ್ನೊಂದ್ಸಲ ತಪ್ಪು ಹೇಳಿದ್ರೆ ಚೆನ್ನಾಗಿರಲ್ಲ."

ಟೀಚರ್ ಬ್ಯಾಗಿನಿಂದ ಪೆನ್ನು ತೆಗೆದು ಬರೆದುಕೊಂಡರು.