ಕಡಲು ತಿರುಗಿಸಿ ಕೊಟ್ಟ ಕಾಯಿ

ಪೆಸಿಫಿಕ್ ಮಹಾಸಾಗರದ ಜೊತೆ ಮಾತು ಬಿಟ್ಟ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ಎಷ್ಟೋ ವರ್ಷ ಅವರಿಗೆ ಅನ್ನ ಬಡಿಸಿದ್ದೇನೆ. ಅವರು ನನ್ನ ಮಾವ, ನನ್ನ ಗಂಡನ ತಂದೆ. ಅವರು ಇದ್ದಿದ್ದರೆ ಇದನ್ನೆಲ್ಲ ಹೀಗೆ ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ. ಈಗ ಬಂದಿದೆ. ಇಂಥ ಧೈರ್ಯ ಬಾರದೇ ಇದ್ದಿದ್ದರೇ ಚೆನ್ನಾಗಿತ್ತು.

ಮುನಿಸು ಶುರುವಾದದ್ದು ಒಂದು ತೆಂಗಿನಕಾಯಿಯಿಂದ. ಮಾವ ಕಾರವಾರ, ಅಂಕೋಲೆಗಳ ನಡುವಿನ ಮೀನುಗಾರರ ಊರಿನವರು. ನೂಲು ಹುಣ್ಣಿಮೆಯ ದಿನ ಸಮುದ್ರಕ್ಕೆ ಕಾಯಿ ಬಿಡುವುದು ಅವರ ಮನೆಯ ಪದ್ಧತಿ. ಮಳೆಗಾಲದಲ್ಲಿ ಮುನಿದ ಕಡಲು ಆ ಕಾಯಿ ತಿಂದು ತಣ್ಣಗಾಗುತ್ತದಂತೆ, ಆಮೇಲೆ ದೋಣಿ ಇಳಿಸಬಹುದಂತೆ. ಇಲ್ಲಿ ಕ್ಯಾಲಿಫೋರ್ನಿಯಾದ ನೆವಾರ್ಕಿನ ನಮ್ಮ ಮನೆಯಲ್ಲಿ ದೋಣಿ ಎಲ್ಲಿಂದ ಬರಬೇಕು? ಆದರೂ ಅಮೆರಿಕಕ್ಕೆ ಬಂದ ಮೊದಲ ವರ್ಷವೇ ಮಾವ ಹುಣ್ಣಿಮೆಯ ದಿನ ಕಾಯಿ ಹಿಡಿದು ಕಾರಿನಲ್ಲಿ ಕೂತರು. ಹಾಫ್ ಮೂನ್ ಬೇ ತೀರಕ್ಕೆ ಹೋದೆವು. ಮಾವ ಪಂಚೆ ಎತ್ತಿ ಕಟ್ಟಿ, ಆ ಮಂಜುಗಡ್ಡೆಯಂಥ ನೀರಿನಲ್ಲಿ ಮೊಣಕಾಲುದ್ದ ಇಳಿದು, ಅರಿಸಿನ ಕುಂಕುಮ ಹಚ್ಚಿದ ಕಾಯಿಯನ್ನು ಬೀಸಿ ಬಿಟ್ಟರು. ಕೈ ಮುಗಿದರು. ದಡಕ್ಕೆ ಬಂದರು. ಹಿಂದಿನಿಂದ ಕಾಯಿಯೂ ಬಂತು!

"ಅಜ್ಜಾ, ಇಟ್ಸ್ ಬ್ಯಾಕ್!" ಎಂದು ಮಗಳು ಚಪ್ಪಾಳೆ ತಟ್ಟಿದಳು.

ಮತ್ತೆ ಬಿಟ್ಟರು. ಮತ್ತೆ ಬಂತು. ಮೂರನೆಯ ಸಲವಂತೂ ಕೊರಳಿಗೆ ಕಡಲ ಪಾಚಿ ಸುತ್ತಿಕೊಂಡು, ಸನ್ಮಾನ ಮಾಡಿಸಿಕೊಂಡವರ ಹಾಗೆ ಬಂತು.

"ನೋಡ್ದೆ ಅಲ್ದಾ ತಂಗಿ?" ಮಾವ ನನ್ನ ಕಡೆ ತಿರುಗಿದರು. ನಮ್ಮ ಕಡೆ ಸೊಸೆಯನ್ನು ಹಾಗೆಯೇ ಕರೆಯುವುದು. "ಗುರುತಿಲ್ಲದವ್ರ ಕೈಯಿಂದ ಇದು ಏನೂ ತಗೊಳ್ಳುದಿಲ್ಲ. ಎಂಥಾ ಜಂಬ ಇದಕ್ಕೆ!"

ಅಂದಿನಿಂದ ಮಾತಿಲ್ಲ. ಪ್ರತಿವರ್ಷ ಹೋಗುವುದು, ಕಾಯಿ ಬಿಡುವುದು, ಅದು ತಿರುಗಿ ಬರುವುದು, ಇವರು ಮುಖ ತಿರುಗಿಸಿ ನಡೆಯುವುದು! ಕಾಯಿಯನ್ನು ಮಾತ್ರ ಅಲ್ಲಿ ಬಿಡುತ್ತಿರಲಿಲ್ಲ. "ಅದಕ್ಕೆ ಬ್ಯಾಡ ಅಂದ್ರೆ ನಮಗೂ ಬ್ಯಾಡ್ವಾ? ನಾಳೆ ಚಟ್ನಿ ಮಾಡು" ಎನ್ನುವರು. ಮರುದಿನ ದೋಸೆಯ ಚಟ್ನಿಯಲ್ಲಿ ಎಷ್ಟು ತೊಳೆದರೂ ಒಂದೆರಡು ಮರಳಿನ ಕಾಳು ಹಲ್ಲಿಗೆ ಸಿಗುತ್ತಿದ್ದವು. ಕಾಯಿ ಹಾಳಾಗಲಿಲ್ಲವಲ್ಲ, ಅದೂ ದೇವರ ದಯೆ ಎಂದು ನಾನು ರುಬ್ಬುತ್ತಿದ್ದೆ.

ಊರಿನ ಕಡಲಿಗೇ ಹೋಗಿ ಬಿಡಬಹುದಿತ್ತಲ್ಲ ಎನ್ನುತ್ತೀರಾ? ಆ ಊರು ಈಗ ಇಲ್ಲ. ಅಂದರೆ ಇದೆ, ಬೇಲಿಯ ಆಚೆ. ನೌಕಾನೆಲೆಗೆಂದು ಊರಿಗೆ ಊರೇ ಎದ್ದು ಬೇರೆ ಕಡೆ ಹೋಗಬೇಕಾಯಿತು. ಮಾವ ಆಗ ಕಾರವಾರ–ಹುಬ್ಬಳ್ಳಿ ಬಸ್ಸಿನ ಕಂಡಕ್ಟರು. ದಿನವೂ ಅದೇ ರಸ್ತೆ, ಅದೇ ತಿರುವು. ಮೊದಲು ಆ ತಿರುವಿನಲ್ಲಿ ಅರ್ಧ ಬಸ್ಸು ಇಳಿಯುತ್ತಿತ್ತು. ಆಮೇಲೆ ಇಳಿಯುವವರು ಕಡಿಮೆಯಾದರು, ಆಮೇಲೆ ಯಾರೂ ಇಲ್ಲ. ತಮ್ಮ ಊರಿಗೆ ತಾವೇ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ ಕಂಡಕ್ಟರು ಅವರು. ಇದನ್ನು ಅವರು ಒಂದೇ ಒಂದು ಸಲ ಹೇಳಿದ್ದರು, ಅದೂ ಬೆಳ್ಳುಳ್ಳಿ ಸುಲಿಯುತ್ತಾ, ತಲೆ ಎತ್ತದೆ.

ಕಂಡಕ್ಟರಿಕೆ ಬಿಟ್ಟರೂ ಕಂಡಕ್ಟರು ಬಿಡಲಿಲ್ಲ. ಫ್ರೀವೇಯಲ್ಲಿ ನನ್ನ ಗಂಡ ಲೇನ್ ಬದಲಿಸಿದರೆ ಹಿಂದಿನ ಸೀಟಿನಿಂದ "ರೈಟ್, ರೈಟ್!" ಗ್ರೋಸರಿ ಅಂಗಡಿಯ ಮುಂದೆ "ಹೋಲ್ಡಾನ್!" ಒಮ್ಮೆ ದೇವಸ್ಥಾನದ ಪಾರ್ಕಿಂಗಿನಲ್ಲಿ ಯಾರದೋ ಕಾರಿನ ಬೆನ್ನಿಗೆ ತಟ್ಟಿ ತಟ್ಟಿ ಹಿಂದಕ್ಕೆ ಕರೆದು ಕಂಬಕ್ಕೇ ತಾಗಿಸಿಬಿಟ್ಟರು! "ಇಲ್ಲಿಯ ಬ್ರೇಕು ನಿಧಾನ" ಎಂದು ಷರಾ ಬೇರೆ.

ಹೀಗಿರುವಾಗ ಒಂದು ಸಂಜೆ ಮಾವ ಟೀವಿಯ ಮುಂದೆ ಎದ್ದು ನಿಂತು ಮಗನನ್ನು ಕೂಗಿದರು. "ತಮಾ! ಏ ತಮಾ! ಬಾರೋ ಇಲ್ಲಿ! ನಮ್ಮೂರು!"

ನನ್ನ ಗಂಡ ಮೀಟಿಂಗು ಬಿಟ್ಟು ಓಡಿ ಬಂದರು, ನಾನು ಸೌಟು ಹಿಡಿದೇ ಬಂದೆ. ಪರದೆಯ ಮೇಲೆ ಬೆಟ್ಟಗಳು ನೇರವಾಗಿ ಕಡಲಿಗೆ ಇಳಿದಿದ್ದವು. ಅರ್ಧಚಂದ್ರದಂಥ ಮರಳು. ಕೆಂಪು ಹಂಚಿನ ಮನೆಗಳು. ನಡುವೆ ನೀರಿನಲ್ಲಿ ಆಮೆ ಕೂತ ಹಾಗೆ ಒಂದು ಬಂಡೆ. ನಮ್ಮ ಗೋಡೆಯ ಮೇಲೆ ಊರಿನ ಹಳೇ ಫೋಟೋದಲ್ಲಿ ಅತ್ತೆಯವರ ಹಿಂದೆ ಇರುವ ಆಮೆಬಂಡೆ!

"ಅಪ್ಪಾ, ಇದು ಸ್ಪೇನು. ಉತ್ತರದ ಆಸ್ತೂರಿಯಾಸ್ ಅಂತ" ಎಂದರು ಇವರು.

"ಸ್ಪೇನೋ ಗೀನೋ. ಬಂಡೆ ನಂದು."

ಅಂದಿನಿಂದ ಒಂದೇ ಜಪ. ಆ ಚಳಿಗಾಲದಲ್ಲಿ ಡಾಕ್ಟರು ಅವರ ಹೃದಯ ಸೋತಿದೆ, ದೂರ ಹೋಗುವುದಿದ್ದರೆ ತಡಮಾಡಬೇಡಿ ಎಂದರು. ಮಾವ ಅದನ್ನು ಅನುಮತಿ ಎಂದೇ ತಿಳಿದರು. "ಒಂದೇ ಒಂದು ಸಲ ತಂಗಿ. ಅಲ್ಲಿ ಕಾಯಿ ಬಿಟ್ಟು ಬರುವ. ಅಲ್ಲಿ ತಗೊಂಡೀತು." ಇಷ್ಟೇ ಅವರ ಆಸೆ. ಸಾಯುವ ಮೊದಲು ಒಂದು ಕಡಲು ಅವರ ಕೈಯ ಕಾಯಿಯನ್ನು ಇಟ್ಟುಕೊಳ್ಳಬೇಕು.

ಮುಂದಿನ ನೂಲು ಹುಣ್ಣಿಮೆ ನೋಡಿಕೊಂಡು ಟಿಕೆಟ್ ಮಾಡಿಸಿದೆವು. ಕಾಯಿ ಇಲ್ಲಿಂದಲೇ ಹೋಗಬೇಕು, ಅದೂ ಅವರ ಕೈಚೀಲದಲ್ಲೇ! ಏರ್‌ಪೋರ್ಟಿನ ತಪಾಸಣೆಯಲ್ಲಿ ಚೀಲ ನಿಂತಿತು. ಅಧಿಕಾರಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ನೀರು ಕುಲುಕಿತು. ನೀರು ಒಯ್ಯುವ ಹಾಗಿಲ್ಲವಲ್ಲ! ಇನ್ನೊಬ್ಬಳನ್ನು ಕರೆದ. ಅವಳೂ ಅಲ್ಲಾಡಿಸಿದಳು. ಒಳಗೆ ಎಷ್ಟು ನೀರಿದೆ ಎಂದು ಕೇಳಿದಳು.

"ಒಡೆಯದೇ ಹೇಳ್ಲಿಕ್ಕೆ ಇವಳಪ್ಪನಿಗೂ ಆಗುದಿಲ್ಲ ಅಂತ ಹೇಳು ತಮಾ" ಎಂದರು ಮಾವ ಗಂಭೀರವಾಗಿ.

ಇವರು ಅದನ್ನು "ದೇವರ ಪೂಜೆಗೆ" ಎಂದು ಅನುವಾದಿಸಿದರು. ಅವಳು ನಕ್ಕು ಬಿಟ್ಟುಕೊಟ್ಟಳು. ನಾನು ಮನಸ್ಸಿನಲ್ಲೇ ಅವಳ ಮಕ್ಕಳಿಗೆಲ್ಲ ಒಳ್ಳೆಯದಾಗಲಿ ಎಂದೆ. ಅಷ್ಟಕ್ಕೂ ಅವಳಿಗೆ ಮಕ್ಕಳಿದ್ದಾರೋ ಇಲ್ಲವೋ!

ಆಸ್ತೂರಿಯಾಸ್ ಹಸಿರೋ ಹಸಿರು. ನಾವು ಉಳಿದುಕೊಂಡ ಮನೆಯ ಅಂಗಳದಲ್ಲಿ ಕಲ್ಲಿನ ಕಂಬಗಳ ಮೇಲೆ ನಿಂತ ಮರದ ಕಣಜ ಇತ್ತು. ಪ್ರತಿ ಕಂಬದ ನೆತ್ತಿಗೂ ಒಂದು ಚಪ್ಪಟೆ ಕಲ್ಲು, ಇಲಿ ಹತ್ತಬಾರದೆಂದು. ಮಾವ ಸುತ್ತು ಹಾಕಿ ನೋಡಿ, "ನಮಗೆ ಮಾತ್ರ ಅಲ್ಲ ತಂಗಿ, ಇಲ್ಲಿ ಇಲಿಗೂ ವೀಸಾ ಬೇಕು" ಎಂದರು. ಸಂಜೆ ಊಟದ ಅಂಗಡಿಯಲ್ಲಿ ಸೇಬಿನ ಮದ್ಯ ಹೊಯ್ಯುವುದನ್ನು ನೋಡಿದೆವು. ಹುಡುಗಿ ಬಾಟಲಿಯನ್ನು ತಲೆಯ ಮೇಲೆತ್ತಿ, ಲೋಟವನ್ನು ತೊಡೆಯ ಹತ್ತಿರ ಹಿಡಿದು, ಎತ್ತಲೋ ನೋಡುತ್ತಾ ಸುರಿಯುತ್ತಾಳೆ! ನಾನು ಮುಖ ಆ ಕಡೆ ಮಾಡಿ ಕೂತೆ. ಮಾವ ಕಣ್ಣು ಮಿಟುಕಿಸದೆ ನೋಡಿದರು. "ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ! ನಮ್ಮ ಸ್ಟ್ಯಾಂಡಿನ ಚಾದವ ಹೀಗೆ ಹೊಯ್ದಿದ್ರೆ ಡ್ರೈವರು ಅವನನ್ನೇ ಹೊಯ್ತಿದ್ದ."

ಮರುದಿನ ಬೆಟ್ಟ ಹತ್ತುವ ಬಸ್ಸಿನಲ್ಲಿ ಹೋದೆವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಮಾವನಿಗೆ ಹುಬ್ಬಳ್ಳಿ ದಾರಿಯ ಅರಬೈಲು ಘಟ್ಟ ನೆನಪಾಗದೇ ಇರುತ್ತದೆಯೇ? ಒಂದು ತಿರುವಿನಲ್ಲಿ ಎದುರಿಗೆ ಹಸು ಕಂಡದ್ದೇ, ಇಡೀ ಬಸ್ಸು ನಡುಗುವಂತೆ "ಹೋಲ್ಡಾನ್!" ಎಂದರು. ಡ್ರೈವರು ಗಕ್ಕನೆ ಬ್ರೇಕು ಒತ್ತಿದ. ಎಲ್ಲರೂ ನಮ್ಮನ್ನೇ ನೋಡಿದರು. ಹಸು ಮಾತ್ರ ನೋಡಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ದಾರಿಯಲ್ಲಿ ಒಂದು ಬೆಟ್ಟದ ಗುಹೆಯಲ್ಲಿ ಅಲ್ಲಿಯ ಕ್ರೈಸ್ತರು ಪೂಜಿಸುವ ತಾಯಿಯ ಗುಡಿ ಇದೆ, ಕೆಳಗೆ ನೀರು ಧುಮುಕುತ್ತದೆ. ಇಳಿದು ಕೈ ಮುಗಿದೆ. ನಾಳೆ ಈ ಮುದುಕನ ಕಾಯಿ ತಿರುಗಿ ಬಾರದಿರಲಿ ತಾಯಿ ಎಂದು ಕನ್ನಡದಲ್ಲೇ ಕೇಳಿಕೊಂಡೆ. ತಾಯಿಗೆ ಭಾಷೆಯ ತೊಡಕು ಇರುತ್ತದೆಯೇ?

ಹುಣ್ಣಿಮೆಯ ಬೆಳಿಗ್ಗೆ ಮಾವ ಕಾಣೆಯಾದರು! ವಾಕಿಂಗಿಗೆ ಹೋದವರು ಬರಲೇ ಇಲ್ಲ. ಹುಡುಕಿ ಹುಡುಕಿ ಸಿಕ್ಕಿದ್ದು ಪಕ್ಕದ ಊರಿನಲ್ಲಿ. ಎಲ್ಲಿ ಕೂತಿದ್ದರು ಹೇಳಿ? ಬಸ್ ಸ್ಟಾಪಿನಲ್ಲಿ.

"ಬೆಟ್ಟದ ಕಡೆ ಹೋಗ್ತೇನೆ ಅಂದಿದ್ರಲ್ಲ ಮಾವ, ಕಡಲ ದಂಡೆ ಹಿಡಿದು ಇಲ್ಲಿಗೆ ಯಾಕೆ ಬಂದ್ರಿ?"

"ನಾನು ಸರಿಯಾಗೇ ಬಂದದ್ದು. ಸೂರ್ಯನಿಗೆ ಮುಖ ಮಾಡಿ ನಡೆದ್ರೆ ಬೆಟ್ಟ ಬರ್ಬೇಕು, ಬೆನ್ನಿಗೆ ಕಡಲು ಇರ್ಬೇಕು. ಇಲ್ಲಿ ಸೂರ್ಯನೇ ತಪ್ಪು ಕಡೆ ಹುಟ್ಟಿದ್ದಾನೆ!"

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ಕರಾವಳಿಯವರಿಗೆ ಕಡಲು ಎಂದರೆ ಪಡುವಣ, ಅಷ್ಟೆ. ಕ್ಯಾಲಿಫೋರ್ನಿಯಾದಲ್ಲೂ ಹಾಗೆಯೇ ಇದ್ದದ್ದರಿಂದ ಮಾವನಿಗೆ ಇಷ್ಟು ವರ್ಷ ಸಂಶಯವೇ ಬಂದಿರಲಿಲ್ಲ. ಇವರು ಫೋನಿನಲ್ಲಿ ನಕ್ಷೆ ತೋರಿಸಿದರು. "ಇಲ್ಲಿ ಸಮುದ್ರ ಇರೋದು ಉತ್ತರಕ್ಕೆ, ಅಪ್ಪಾ."

"ಬಡಗಣಕ್ಕಾ?" ಮಾವ ನಕ್ಷೆಯನ್ನು ನೋಡಿದರು, ನಮ್ಮನ್ನು ನೋಡಿದರು. ಅವರು ನಗಲಿಲ್ಲ.

ಸಂಜೆ ಆರಕ್ಕೇ ಆ ಕೊಲ್ಲಿಗೆ ಹೋದೆವು. ಟೀವಿಯಲ್ಲಿ ಕಂಡದ್ದೇ. ಬೆಟ್ಟ, ಮರಳು, ಆಮೆಬಂಡೆ. ಮಾವ ಪಂಚೆ ಎತ್ತಿ ಕಟ್ಟಿ, ಕಾಯಿ ಮಡಿಲಲ್ಲಿಟ್ಟು ಕೂತರು. ಅವರ ಊರಿನಲ್ಲಿ ಸೂರ್ಯ ಆಮೆಬಂಡೆಯ ಪಕ್ಕ ನೀರು ಮುಟ್ಟುವ ಹೊತ್ತಿಗೆ ಕಾಯಿ ಬಿಡುವುದು. ಏಳಾಯಿತು, ಎಂಟಾಯಿತು. ಸೂರ್ಯ ಇಳಿಯಲೇ ಒಲ್ಲ!

"ಈ ದೇಶದಲ್ಲಿ ಅವನಿಗೂ ಓವರ್‌ಟೈಮ್ ಉಂಟು ಕಾಣ್ತದೆ" ಎಂದರು ಮಾವ. ಅದು ಅವರು ಆ ದಿನ ಆಡಿದ ಕೊನೆಯ ತಮಾಷೆ.

ಒಂಬತ್ತು ದಾಟಿದ ಮೇಲೆ ಸೂರ್ಯ ಇಳಿದ. ನೀರಿಗಲ್ಲ. ಎಡಗಡೆಯ ಬೆಟ್ಟದ ಹಿಂದೆ, ಎಲ್ಲೋ ಹಸುಗಳ ಗಂಟೆ ಕೇಳಿಸುವ ಕಡೆ ಇಳಿದು ಹೋದ. ಆಮೆಬಂಡೆಯ ಪಕ್ಕದ ನೀರು ಸುಮ್ಮನೆ ಬೂದಿಯ ಬಣ್ಣಕ್ಕೆ ತಿರುಗಿತು. ಮಾವ ಬಂಡೆಯನ್ನೂ ಬೆಟ್ಟವನ್ನೂ ಹಲವು ಸಲ ನೋಡಿದರು.

"ಅಲ್ಲ ತಂಗಿ. ಇದು ನಮ್ಮೂರಲ್ಲ" ಎಂದರು.

ಅದು ಅವರ ಊರಲ್ಲ ಎಂದು ನಮಗೆಲ್ಲ ಮೊದಲೇ ಗೊತ್ತಿರಲಿಲ್ಲವೇ? ಅವರಿಗೂ ಗೊತ್ತಿತ್ತು. ಆದರೂ ಅವರ ಬಾಯಿಂದ ಅದನ್ನು ಕೇಳಿದ್ದೇ ನಾನು ಚೀಲದಿಂದ ಬಾಟಲಿ ತೆಗೆದೆ. ನೀರು ಬೇಕೇ ಎಂದು ಕೇಳಿದೆ.

"ತಂದದ್ದು ಬಿಡುವ" ಎಂದು ಎದ್ದರು. ನೀರಿಗಿಳಿದು ಕಾಯಿ ಬಿಟ್ಟರು. ಆಗ ಇಳಿತದ ಹೊತ್ತು. ಕಾಯಿ ತೂಗುತ್ತಾ ತೂಗುತ್ತಾ ಆಮೆಬಂಡೆಯನ್ನು ದಾಟಿ ಹೋಯಿತು.

"ತಗೊಂಡ್ತು ಅಪ್ಪಾ! ತಗೊಂಡ್ತಲ್ಲ!" ಇವರು ಚಿಕ್ಕ ಹುಡುಗನ ಹಾಗೆ ಕೂಗಿದರು. ನಾನು ಗುಹೆಯ ತಾಯಿಗೆ ಅಲ್ಲಿಂದಲೇ ಕೈ ಮುಗಿದೆ.

ಮಾವ ಮಾತ್ರ ಕದಲಲಿಲ್ಲ. ಅದು ಬರುತ್ತದೆಂದು ಕಾಯುವವರ ಹಾಗೆ ನಿಂತೇ ಇದ್ದರು. ಬೆಳಕು ಹೋಗುವ ಹೊತ್ತಿಗೆ ದಡಕ್ಕೆ ಬಂದು, ಒದ್ದೆ ಪಂಚೆ ಹಿಂಡುತ್ತಾ ಹೇಳಿದರು: "ಪರಿಚಯ ಇಲ್ಲದವ್ರು ಕೊಟ್ಟದ್ದನ್ನ ಮಾತಾಡದೇ ಇಟ್ಕೊಳ್ತಾರೆ ತಮಾ. ಗುರುತಿನವ್ರೇ 'ಬ್ಯಾಡ, ಮಕ್ಕಳಿಗಿರ್ಲಿ, ಒಯ್ಯಿ' ಅಂತ ತಿರುಗಿ ಕೈಗಿಡುದು. ನಾನು ಅದರ ಮೇಲೆ ಸುಮ್ನೆ ಸಿಟ್ಟು ಮಾಡ್ಕೊಂಡೆ."



ನೆವಾರ್ಕಿಗೆ ಮರಳಿದ ವಾರವೇ ಹಾಫ್ ಮೂನ್ ಬೇಗೆ ಕರೆದೊಯ್ಯಲು ಹೇಳಿದರು. ಕಾಯಿ ಇಲ್ಲ, ಹುಣ್ಣಿಮೆ ಇಲ್ಲ, ಬರಿಗೈ. ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಹೋಗಿ ಏನೋ ಮಾತಾಡಿದರು. ಗಾಳಿಗೆ ನನಗೆ ಕೇಳಿಸಲಿಲ್ಲ. ತಿರುಗಿ ಬರುವಾಗ ಮುಖ ತಿಳಿಯಾಗಿತ್ತು. "ರಾಜಿ ಆಯ್ತು" ಎಂದರು. ಕಾರು ಹೊರಡುವಾಗ ಕಿಟಕಿಗೆ ಎರಡು ಸಲ ತಟ್ಟಿ "ರೈಟ್" ಎಂದರು.

ಡಿಸೆಂಬರಿನಲ್ಲಿ ಹೋಗಿಬಿಟ್ಟರು. ಊಟ ಮಾಡಿ ಮಲಗಿದವರು ಮಲಗಿದ ಹಾಗೆಯೇ. ನೋವಿಲ್ಲದ ಸಾವು, ಅದೂ ದೇವರ ದಯೆ. ರಾಜಿಯಾದ ಮೇಲೆ ಹೋದರು, ಅದೂ ದಯೆಯೇ. ಹೀಗೆ ಒಂದೊಂದನ್ನೇ ಎತ್ತಿಟ್ಟುಕೊಂಡು ದಿನ ದೂಡುತ್ತಿದ್ದೇನೆ.

ಈ ವರ್ಷದ ನೂಲು ಹುಣ್ಣಿಮೆಗೆ ನಾವು ಮೂವರೇ ಹೋದೆವು. ನನ್ನ ಗಂಡ ಕಾಯಿ ಕೈಗೆ ತೆಗೆದುಕೊಂಡವರು ಅದನ್ನು ಹಿಡಿದೇ ನಿಂತರು. ಆಮೇಲೆ ನನ್ನ ಕೈಗೆ ಕೊಟ್ಟು ಕಾರಿನ ಕಡೆ ನಡೆದರು. ನಾನು ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ಇಳಿದೆ. ಆ ನೀರು ಅಷ್ಟು ತಣ್ಣಗಿರುತ್ತದೆಂದು ಮಾವ ಒಂದು ದಿನವೂ ಹೇಳಿರಲಿಲ್ಲ. ಕಾಯಿ ಬಿಟ್ಟೆ, ಕೈ ಮುಗಿದೆ, ದಡಕ್ಕೆ ಬಂದು ನಿಂತೆ. ಹಿಂದೆ ಸ್ಪೇನಿನಲ್ಲಿ ತಿರುಗಿ ಬಾರದಿರಲಿ ಎಂದು ಬೇಡಿದವಳು ಇಲ್ಲಿ ಬರಲಿ, ಬರಲಿ ಎಂದು ಬೇಡಿಕೊಂಡೆ.

ತೆರೆ ಬಂತು, ನೊರೆ ತಂದಿತು. ಇನ್ನೊಂದು ಬಂತು, ಪಾಚಿ ತಂದಿತು.

"ಗಿವ್ ಇಟ್ ಅ ಮಿನಿಟ್, ಅಮ್ಮಾ" ಎಂದಳು ಮಗಳು. ನನ್ನ ಕೈ ಹಿಡಿದುಕೊಂಡಳು.

ಬಹಳ ಹೊತ್ತು ನಿಂತೆವು. ಬರಲಿಲ್ಲ.

ಅದಕ್ಕೆ ನನ್ನ ಗುರುತು ಇಲ್ಲವೋ, ಅಥವಾ ಯಾರಿಗೆ ಸೇರಬೇಕೋ ಅವರಿಗೇ ತಲುಪಿಸಲು ಇಟ್ಟುಕೊಂಡಿತೋ, ದೇವರಿಗೇ ಗೊತ್ತು.

ಮರುದಿನ ದೋಸೆ ಹೊಯ್ದೆ. ಚಟ್ನಿ ಇರಲಿಲ್ಲ.