ಕಿಯಾಸ್ ಮತ್ತು ನಮ್ಮನೆಯ ಊಟದ ಪಂಕ್ತಿ

ನನ್ನ ಮೊಮ್ಮಗಳು ಸೌಮ್ಯ ಪಾಸಾದಳು! ಹಾಸನದ ಲಾ ಕಾಲೇಜಿನಲ್ಲಿ, ಹೋದ ಸಲ ಡುಮ್ಕಿ ಹೊಡೆದಿದ್ದ ಮುಸ್ಲಿಂ ಕಾನೂನಿನ ಪೇಪರಿನಲ್ಲೇ, ಈ ಸಲ ಕ್ಲಾಸಿಗೇ ಹೆಚ್ಚು ನಂಬರು. ಬೆಳಿಗ್ಗೆ ಫೋನಿನಲ್ಲಿ ರಿಸಲ್ಟ್ ನೋಡಿದ್ದೇ ತಡ, ಬೇಲೂರಿನ ನಮ್ಮ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸಕ್ಕರೆ ಹಂಚಿ ಬಂದೆ. ಕೇಳದವರಿಗೂ ಹೇಳಿದೆ. ಕೇಳಿದವರಿಗೆ ಎರಡು ಸಲ ಹೇಳಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸಾದರೂ ಈ ಪಾಸಿನಲ್ಲಿ ನನಗೂ ಪಾಲಿದೆ ಎಂದು ಎದೆ ತಟ್ಟಿ ಹೇಳುತ್ತೇನೆ. ನಮ್ಮದು ದೇವಸ್ಥಾನಕ್ಕೆ ಹೂ ಕಟ್ಟಿಕೊಡುವ ಮನೆ. ನಾನು ಜಗಲಿಯಲ್ಲಿ ಹೂ ಕಟ್ಟುವಾಗ ಅವಳು ಎದುರಿಗೆ ಕೂತು ಪಾಠ ಒಪ್ಪಿಸುತ್ತಿದ್ದಳು. ಆ ಕಾನೂನಿಗೆ ಬೇರು ನಾಲ್ಕಂತೆ. ಮೊದಲು ಕುರ್‌ಆನ್. ಆಮೇಲೆ ಸುನ್ನತ್, ಅಂದರೆ ಪ್ರವಾದಿಗಳು ಆಡಿದ ಮಾತು, ನಡೆದ ನಡೆ. ಮೂರನೆಯದು ಇಜ್ಮಾ, ಬಲ್ಲವರೆಲ್ಲ ಸೇರಿ ಒಪ್ಪಿದ್ದು. ಈ ಮೂರರಲ್ಲೂ ನೇರ ಉತ್ತರ ಸಿಗದಿದ್ದರೆ ಕಿಯಾಸ್: ಹಳೆಯ ತೀರ್ಪಿಗಿದ್ದ ಕಾರಣವೇ ಹೊಸ ಸಂಗತಿಯಲ್ಲೂ ಇದ್ದರೆ, ಇಲ್ಲಿಗೂ ಅದೇ ತೀರ್ಪು. ದ್ರಾಕ್ಷಿಯ ಮದ್ಯ ಬೇಡವೆಂದದ್ದು ಅಮಲೇರುತ್ತದೆಂದು. ಹಾಗಾದರೆ ಅಮಲೇರಿಸುವ ಇನ್ನೊಂದೂ ಬೇಡ. ಎಷ್ಟು ಅಚ್ಚುಕಟ್ಟು! ನನಗಂತೂ ಹಿಡಿಸಿಬಿಟ್ಟಿತು. ನಮ್ಮ ಯಜಮಾನರಿಗೆ ಡಾಕ್ಟರು ಸಕ್ಕರೆ ಬಿಡಿಸಿದ್ದರು. "ಬೆಲ್ಲದ ಮಾತೇ ಎತ್ತಲಿಲ್ವಲ್ಲೇ" ಎಂದು ಅವರು ಕಜ್ಜಾಯಕ್ಕೆ ಕೈ ಹಾಕಿದಾಗ ಕಿಯಾಸ್ ಹೇಳಿ ತಟ್ಟೆಯನ್ನೇ ಎತ್ತಿಟ್ಟೆ. "ಕಾಲೇಜಿಗೆ ಹೋಗೋಳು ಅವಳೋ ನೀನೋ?" ಎಂದು ಗೊಣಗಿದರು.

ಇದನ್ನೆಲ್ಲ ಸಹಿಸದವನು ನನ್ನ ಮೈದುನ ರಂಗಪ್ಪ. ಹೋದ ಸಲವೇ ಸೌಮ್ಯಳ ಅಪ್ಪ, ನನ್ನ ಮಗನ ಕಿವಿ ಊದಿದ್ದ: "ಇನ್ನೊಂದು ಸಲ ಫೇಲಾದ್ರೆ ಕಾಲೇಜು ಬಿಡಿಸ್ಬುಡ್ಲಾ." ಮಗ ಹೂಂ ಎಂದುಬಿಟ್ಟಿದ್ದ. ಸಾಲದ್ದಕ್ಕೆ ನನ್ನ ಹತ್ತಿರ ಬಂದು, "ಅತ್ತಿಗೆ, ದೇವ್ರ ಹೂ ಕಟ್ಟೋ ಜಗಲೀಲಿ ಆ ಪಾಠ ಯಾಕೆ?" ಎಂದ.

"ನಾಳೆ ಒಬ್ಬ ಮುಸ್ಲಿಂ ಹೆಣ್ಮಗಳು ಅಳ್ತಾ ಇವಳ ಬಾಗಿಲಿಗೆ ಬಂದ್ರೆ, ನಿಮ್ಮ ಕಾನೂನು ಓದಿಲ್ಲ ಕಣಮ್ಮ ಅಂತ ಕಳಿಸ್ಬೇಕೇನಪ್ಪ? ಓದ್ತಾಳೆ. ಇಲ್ಲೇ ಓದ್ತಾಳೆ. ಜೋರಾಗೇ ಓದ್ತಾಳೆ" ಎಂದೆ. ಅಂದಿನಿಂದ ಅವಳಿಗಿಂತ ಜೋರಾಗಿ ನಾನೇ ಓದಿದೆ.

ಇವತ್ತು ಸಂಜೆ ಒಬ್ಬಟ್ಟಿನ ಊಟ. ರಂಗಪ್ಪನೂ ಬಂದ. ನಮ್ಮ ಮನೆಯಲ್ಲಿ ಗಂಡಸರ ಪಂಕ್ತಿ ಎದ್ದ ಮೇಲೆ ಹೆಂಗಸರದು. ಪಾಸಾದವಳೇ ಎರಡನೇ ಪಂಕ್ತಿಗೆ ಕಾಯಬೇಕೆ? ಎಲ್ಲರಿಗೂ ಒಟ್ಟಿಗೇ ಎಲೆ ಹಾಕಿಸಿದೆ.

"ಇದ್ಯಾವ ಶಾಸ್ತ್ರ ಅತ್ತಿಗೆ?" ಎಂದ ರಂಗಪ್ಪ.

"ಗಂಡಸ್ರೇ ಮೊದ್ಲು ಅಂತ ಯಾವ ಪುಸ್ತಕದಲ್ಲೈತೆ?"

"ಪುಸ್ತಕ ಯಾಕೆ? ಹಿರೀಕರು ನಡ್ಕೊಂಡು ಬಂದಿದ್ದು. ಎಲ್ರೂ ಒಪ್ಪಿದ್ದು."

"ನನ್ನನ್ಯಾರು ಕೇಳಿದ್ರು? ಅರಸೀಕೆರೆ ಸ್ಟೇಷನ್ನಲ್ಲಿ ರೈಲು ತಡ ಆದಾಗ ಒಂದೇ ಡಬ್ಬಿ ಪುಳಿಯೋಗರೆಗೆ ಗಂಡಸ್ರು ಹೆಂಗಸ್ರು ಎಲ್ರೂ ಒಟ್ಟಿಗೇ ಕೈ ಹಾಕಿದ್ವಿ. ನೀನೂ ಹಾಕ್ದೆ. ಯಾಕಪ್ಪ?"

"ಹೊಟ್ಟೆ ಹಸಿದಿತ್ತು."

"ಆ ಹಸಿವು ಇಲ್ಲೂ ಐತೆ. ಕಿಯಾಸ್! ಕೂತ್ಕೊ."

ಸೌಮ್ಯ ಬಿದ್ದುಬಿದ್ದು ನಕ್ಕಳು. "ಅಜ್ಜಿ, ಕಂಡಕಂಡೋರೆಲ್ಲ ಮಾಡೋ ಹಂಗಿಲ್ಲ ಕಣೇ. ಅದಕ್ಕೆ ಬಲ್ಲವರು ಬೇಕು."

"ಒಬ್ಬಟ್ಟಿನ ವಿಷಯದಲ್ಲಿ ಈ ಬೀದೀಲಿ ನನಗಿಂತ ಬಲ್ಲೋರು ಯಾರೇ?"

ಎಲ್ಲರೂ ಕೂತರು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನಾನೂ ಮೊದಲ ಪಂಕ್ತಿಯಲ್ಲಿ ಕೂತೆ. ಒಬ್ಬಟ್ಟು ಹೂವಿನಂತಿತ್ತು. ಅನ್ನಕ್ಕೆ ಒಬ್ಬಟ್ಟಿನ ಸಾರು ಕಲಸಿ ಬಾಯಿಗಿಟ್ಟೆ. ಸಂಭ್ರಮದಲ್ಲಿ ಉಪ್ಪೇ ಹಾಕಿರಲಿಲ್ಲ! ಇಷ್ಟು ವರ್ಷ ಗಂಡಸರು ಮೊದಲು ಉಂಡು, ಉಪ್ಪು ಖಾರ ಹೆಚ್ಚುಕಮ್ಮಿಯಾಗಿದ್ದರೆ ಗದ್ದಲ ಎಬ್ಬಿಸುತ್ತಿದ್ದರು, ನಮ್ಮ ಪಂಕ್ತಿಯ ಹೊತ್ತಿಗೆ ಎಲ್ಲ ಸರಿಹೋಗಿರುತ್ತಿತ್ತು. ಆ ಅನುಕೂಲವನ್ನು ಇವತ್ತು ಕೈಯಾರೆ ಕಳೆದುಕೊಂಡಿದ್ದೆ. ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು.

"ಸಾರು ಹೆಂಗೈತೆ ಅತ್ತಿಗೆ?" ರಂಗಪ್ಪ ಮೀಸೆಯಲ್ಲೇ ನಕ್ಕ.

"ಬಲು ಚೆನ್ನಾಗೈತೆ" ಎಂದು ಇನ್ನೊಂದು ಸೌಟು ಹಾಕಿಕೊಂಡೆ.